ಕಾಲ ಕೆಳಗಿನ ಹೆಸರುಗಳು: ಚಿಕ್ಕಬೆಟ್ಟದ ನಿಸಿದಿ ಓದಲು ಹೋಗುವವರಿಗೆ

ಶ್ರವಣಬೆಳಗೊಳದಲ್ಲಿ ಬಸ್ಸಿಳಿದವರು ಹೆಚ್ಚಾಗಿ ನೋಡುವುದು ದಕ್ಷಿಣದ ಕಡೆಗೆ. ದೊಡ್ಡಬೆಟ್ಟ, ಆರುನೂರು ಚಿಲ್ಲರೆ ಮೆಟ್ಟಿಲು, 58 ಅಡಿಯ ಗೊಮ್ಮಟ, ಫೋಟೊ, ಎಳನೀರು, ವಾಪಸ್ ಬಸ್ಸು. ಕಲ್ಯಾಣಿಯ ಆಚೆ, ಉತ್ತರಕ್ಕೆ ಇನ್ನೊಂದು ಬೆಟ್ಟ ಇದೆ ಅನ್ನುವುದು ಗೊತ್ತಾಗುವ ಹೊತ್ತಿಗೆ ಕಾಲು ಸೋತಿರುತ್ತದೆ. ಅದು ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ. ಊರಿನ ನೆಲದಿಂದ 175 ಅಡಿಯಷ್ಟೇ ಎತ್ತರ, ಹತ್ತಲು ಸುಮಾರು 200 ಮೆಟ್ಟಿಲು. ಶಾಸನಗಳಲ್ಲಿ ಇದರ ಹೆಸರು ಕನ್ನಡದಲ್ಲಿ ಕಲ್ಬಪ್ಪು, ಸಂಸ್ಕೃತದಲ್ಲಿ ಕಟವಪ್ರ.

ಈ ಬೆಟ್ಟಕ್ಕೆ ಜನ ಸಾಯಲೆಂದೇ ಬರುತ್ತಿದ್ದರು. ಮುನಿಗಳು, ಕಂತಿಯರು (ಜೈನ ಸನ್ಯಾಸಿನಿಯರು), ಆಮೇಲೆ ರಾಜರು, ದಂಡನಾಯಕರ ಮನೆಯ ಹೆಂಗಸರು. ಅನ್ನ ನೀರು ಬಿಟ್ಟು ಸಲ್ಲೇಖನದಲ್ಲಿ ದೇಹ ಬಿಟ್ಟವರ ನೆನಪಿಗೆ ಕೆತ್ತಿಸಿದ ಕಲ್ಲು, ಕಂಬ, ಬಂಡೆಬರಹಗಳಿಗೆ ನಿಸಿದಿ ಅಂತ ಹೆಸರು; ನಿಷಿಧಿ, ನಿಸಿದಿಗೆ, ನಿಷದ್ಯೆ ಅಂತಲೂ ಬರೆದಿದ್ದಾರೆ. ಇದು ಹೂಳುವ ಜಾಗವಲ್ಲ. ನಿಸಿದಿಯ ಕೆಳಗೆ ಏನೂ ಇರುವುದಿಲ್ಲ, ಇರುವುದೆಲ್ಲ ಮೇಲಿನ ಅಕ್ಷರಗಳಲ್ಲೇ. ಆದ್ದರಿಂದ ಓದದೆ ಬಂದರೆ ಚಿಕ್ಕಬೆಟ್ಟವನ್ನು ನೋಡಿದಂತೆಯೇ ಆಗುವುದಿಲ್ಲ.

ಮೊದಲು ಸಿದ್ಧತೆಯ ಮಾತು. ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿದ ಗ್ರಂಥಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟ ಪೂರ್ತಿ ಶ್ರವಣಬೆಳಗೊಳದ್ದೇ. ಬಿ.ಎಲ್. ರೈಸ್ 1889ರಲ್ಲಿ 144 ಶಾಸನ ಪ್ರಕಟಿಸಿದರು. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 573 ಇವೆ. ಅದರಲ್ಲಿ 271 ಚಿಕ್ಕಬೆಟ್ಟದವು, 172 ದೊಡ್ಡಬೆಟ್ಟದವು, 80 ಊರೊಳಗಿನವು, 50 ಸುತ್ತಲಿನ ಹಳ್ಳಿಗಳವು. ಗೊಮ್ಮಟ ನಿಂತ ಬೆಟ್ಟಕ್ಕಿಂತ ಈ ಪುಟ್ಟ ಬೆಟ್ಟದಲ್ಲೇ ನೂರು ಶಾಸನ ಹೆಚ್ಚು.

ಬಹಳ ಜನ ಎಡವುವುದು ಶಾಸನದ ಸಂಖ್ಯೆಯಲ್ಲಿ. ಮೂರು ಆವೃತ್ತಿಗೆ ಮೂರು ಎಣಿಕೆ. ಗಂಗರ ಮಾರಸಿಂಹನ ಕಂಬದ ಶಾಸನ ರೈಸ್ ಅವರಲ್ಲಿ 38, ನರಸಿಂಹಾಚಾರ್ ಅವರಲ್ಲಿ 59. ಯಾವುದೋ ಲೇಖನದ ಅಡಿಟಿಪ್ಪಣಿಯಲ್ಲಿ 38 ಅಂತ ಕಂಡು, 1923ರ ಪುಸ್ತಕದಲ್ಲಿ 38 ತೆಗೆದರೆ ಸಿಗುವುದು ಬೇರೆಯೇ ಶಾಸನ. 1923ರ ಆವೃತ್ತಿಯಲ್ಲಿ ಹೊಸ ಸಂಖ್ಯೆಯ ಪಕ್ಕ ಹಳೆಯದನ್ನೂ ಕಂಸದಲ್ಲಿ ಕೊಟ್ಟಿದ್ದಾರೆ, ಅದನ್ನು ಹಿಡಿದು ಹೋಗಿ. ಇಡೀ ಸಂಪುಟ ಹೊತ್ತುಕೊಂಡು ಹತ್ತಬೇಕಿಲ್ಲ. ಓದಬೇಕೆಂದಿರುವ ಎಂಟು ಹತ್ತು ಶಾಸನಗಳ ಪಾಠವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡರೆ ಸಾಕು. ಮೊಬೈಲಿನಲ್ಲಿ ಇಟ್ಟುಕೊಂಡರೆ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ, ಫೋಟೊ ತೆಗೆಯುವ ಮೊಬೈಲೂ ಅದೇ ಆಗಿರುತ್ತದೆ.

ಹಾಸನದಿಂದ ಬರುವವರು ಚನ್ನರಾಯಪಟ್ಟಣಕ್ಕೆ ಬಂದು ಅಲ್ಲಿಂದ ಬೆಳಗೊಳದ ಬಸ್ಸು ಹಿಡಿಯುವುದು ಸಲೀಸು. ಹಾಸನ–ಬೆಂಗಳೂರು ರೈಲು ಮಾರ್ಗದಲ್ಲಿ ಶ್ರವಣಬೆಳಗೊಳದ ಸ್ಟೇಷನ್ನೇ ಇದೆ, ಆದರೆ ಅಲ್ಲಿಂದ ಊರಿಗೆ ಆಟೊ ಬೇಕು. ಹೇಗೇ ಬಂದರೂ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬುಡದಲ್ಲಿರಿ. ಅದಕ್ಕೆ ಎರಡು ಕಾರಣ. ಚಪ್ಪಲಿ ಕೆಳಗೇ ಬಿಡಬೇಕು. ಹನ್ನೊಂದು ಗಂಟೆಯ ಮೇಲೆ ಬೋಳು ಬಂಡೆ ಹೆಂಚಿನಂತೆ ಕಾಯುತ್ತದೆ, ದಪ್ಪ ಹತ್ತಿಯ ಕಾಲುಚೀಲ ಇಲ್ಲದಿದ್ದರೆ ನಿಂತು ಓದಲು ಆಗುವುದಿಲ್ಲ. ಎರಡನೆಯದು ಬೆಳಕು. ಏಳರಿಂದ ಒಂಬತ್ತರವರೆಗೆ, ಸಂಜೆ ನಾಲ್ಕರ ಮೇಲೆ, ಬಿಸಿಲು ಓರೆಯಾಗಿ ಬಿದ್ದು ಅಕ್ಷರದ ಗೀರಿನೊಳಗೆ ನೆರಳು ತುಂಬುತ್ತದೆ. ಬಂಡೆಯ ಮೇಲಿನ ಬರಹಗಳ ಆಳ ಬಹಳ ಕಮ್ಮಿ. ನಡು ಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಅದೇ ಬಂಡೆ ಬರೀ ಬೋಳಾಗಿ ಕಾಣುತ್ತದೆ, ಅಕ್ಷರದ ಮೇಲೇ ಕೂತುಕೊಂಡು ‘ಇಲ್ಲೇನೂ ಇಲ್ಲ’ ಅನ್ನುವವರೂ ಇದ್ದಾರೆ.

ನೆರಳಿನ ಜಾಗಕ್ಕೆ, ಮಂಟಪದ ಒಳಗಿನ ಕಂಬಗಳಿಗೆ, ಒಂದು ಸಣ್ಣ ಟಾರ್ಚ್ ಬೇಕು. ಅದನ್ನು ಎದುರಿನಿಂದ ಹಿಡಿಯಬೇಡಿ. ಕಲ್ಲಿನ ಮೈಗೆ ಸವರುವ ಹಾಗೆ, ಪಕ್ಕದಿಂದ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿದರೆ ಅಕ್ಷರ ಎದ್ದು ಬರುತ್ತದೆ. ಒಂದೇ ಕಡೆಯಿಂದ ಬೆಳಕು ಬಿಟ್ಟರೆ ಆ ದಿಕ್ಕಿಗೆ ಸಮನಾಗಿರುವ ಗೆರೆಗಳು ಮಾಯವಾಗುತ್ತವೆ. ಎಡದಿಂದ ಒಂದು, ಮೇಲಿನಿಂದ ಒಂದು, ಬಲದಿಂದ ಒಂದು ಹೀಗೆ ಮೂರು ಫೋಟೊ ತೆಗೆದುಕೊಳ್ಳಿ. ಮನೆಗೆ ಬಂದು ನೋಡಿದಾಗ ಕೊರೆದ ಅಕ್ಷರ ಉಬ್ಬಿದಂತೆ ಕಂಡರೆ ಗಾಬರಿಯಾಗಬೇಡಿ, ಫೋಟೊವನ್ನು ತಲೆಕೆಳಗು ಮಾಡಿದರೆ ಸರಿಹೋಗುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ತೀರ್ಮಾನಿಸಿಬಿಟ್ಟಿರುತ್ತದೆ, ಅದರಿಂದ ಆಗುವ ಮೋಸ ಇದು. ಕೆಲವು ಬರಹಗಳಿಗೆ ಕಂಬಿ ಬೇಲಿ, ಗಾಜು ಹಾಕಿದ್ದಾರೆ. ಗಾಜಿನಲ್ಲಿ ಆಕಾಶ ಕಾಣುತ್ತಿದ್ದರೆ ಒಂದು ಕಪ್ಪು ಕೊಡೆ ಬಿಚ್ಚಿ ಮೇಲೆ ಹಿಡಿಯಿರಿ.

ಸೀಮೆಸುಣ್ಣ, ಅರಿಶಿನ, ಇದ್ದಿಲ ಪುಡಿ ಇವ್ಯಾವುದನ್ನೂ ಉಜ್ಜಬಾರದು. ಕಾನೂನಿನ ಮಾತು ಇದ್ದೇ ಇದೆ: ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅದಕ್ಕಿಂತ ದೊಡ್ಡ ಕಾರಣ ಓದಿಗೇ ಸಂಬಂಧಿಸಿದ್ದು. ಪುಡಿ ಅಕ್ಷರದೊಳಗೆ ಕೂರುವಂತೆಯೇ ಕಲ್ಲಿನ ಬಿರುಕಿನಲ್ಲೂ ಕೂರುತ್ತದೆ. ಆಮೇಲೆ ಬಂದವರು ಬಿರುಕನ್ನೇ ಒತ್ತು, ದೀರ್ಘ ಅಂತ ಓದುತ್ತಾರೆ. ತಾನು ಊಹಿಸಿದ ಅಕ್ಷರದ ಮೇಲೆ ಸೀಮೆಸುಣ್ಣ ಎಳೆದು ಹೋದವನ ತಪ್ಪು ಓದು ಮುಂದಿನವರ ಫೋಟೊದಲ್ಲಿ ಶಾಸನವೇ ಆಗಿಬಿಡುತ್ತದೆ.

ಮೆಟ್ಟಿಲು ಹತ್ತಿ ಪ್ರಾಕಾರದ ದಕ್ಷಿಣ ಬಾಗಿಲಿಗೆ ಬಂದರೆ ಎದುರಿಗೇ ಎತ್ತರದ ಕಂಬ. ಕೂಗೆ ಬ್ರಹ್ಮದೇವರ ಕಂಬ. ತುದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತ ಸಣ್ಣ ಬ್ರಹ್ಮದೇವ. ಪೀಠವನ್ನು ಎಂಟು ದಿಕ್ಕಿನಲ್ಲಿ ಎಂಟು ಆನೆ ಹೊತ್ತಿದ್ದವು, ಈಗ ಉಳಿದಿರುವುದು ಕೆಲವೇ. ನಾಲ್ಕೂ ಮುಖದಲ್ಲಿ ಬರಹ. ಇದು ಗಂಗರ ಇಮ್ಮಡಿ ಮಾರಸಿಂಹನ ಸ್ಮಾರಕ. ಅವನು ದೇಹ ಬಿಟ್ಟದ್ದು ಇಲ್ಲಲ್ಲ. ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಪಾದದ ಬಳಿ, ಮೂರು ದಿನದ ವ್ರತದಲ್ಲಿ, 974ರಲ್ಲಿ. ಆದರೆ ಅವನ ಹೆಸರು ನಿಂತದ್ದು ಕಲ್ಬಪ್ಪಿನಲ್ಲಿ.

ಈ ಕಂಬ ಓದಿದ ಮೇಲೆ ಹೋಗಬೇಕಾದದ್ದು ಸವತಿಗಂಧವಾರಣ ಬಸದಿಯ ಹತ್ತಿರದ ಇನ್ನೊಂದು ಕಂಬಕ್ಕೆ. ಹೆಚ್ಚಿನವರು ಇವೆರಡನ್ನು ಜೋಡಿಸಿ ನೋಡುವುದೇ ಇಲ್ಲ, ನೋಡಿದರೆ ಒಂದು ಸಾಮ್ರಾಜ್ಯ ಮುಗಿದ ಕಥೆ ಆ ನಡುವಿನ ನಡಿಗೆಯಲ್ಲಿ ಸಿಗುತ್ತದೆ. ಅದು ರಾಷ್ಟ್ರಕೂಟ ನಾಲ್ವಡಿ ಇಂದ್ರನ ಕಂಬ. ಮುಮ್ಮಡಿ ಕೃಷ್ಣನ ಮೊಮ್ಮಗ, ಮಾರಸಿಂಹನ ಸೋದರಳಿಯ. 973ರಲ್ಲಿ ರಾಷ್ಟ್ರಕೂಟರ ಪಟ್ಟ ಚಾಲುಕ್ಯ ತೈಲಪನ ಪಾಲಾದಾಗ ಈ ಹುಡುಗನನ್ನು ಗದ್ದುಗೆಗೆ ಕೂರಿಸಲು ಮಾವ ಹೆಣಗಿದ್ದ. ಆಗಲಿಲ್ಲ. ಮೊದಲು ಮಾವ, ಎಂಟು ವರ್ಷದ ಮೇಲೆ ಅಳಿಯ, ಇಬ್ಬರೂ ಒಂದೇ ದಾರಿ ಹಿಡಿದರು. ಶಾಸನ ಮಾತ್ರ ಸೋತ ಸಿಂಹಾಸನಕ್ಕಾಗಿ ಅಳುವುದಿಲ್ಲ. ಕುದುರೆಯ ಮೇಲೆ ಕೂತು ಚೆಂಡಾಡುವುದರಲ್ಲಿ ಇಂದ್ರನನ್ನು ಮೀರಿಸುವವರಿರಲಿಲ್ಲ ಅಂತ ಪದ್ಯದ ಮೇಲೆ ಪದ್ಯ ಹೇಳಿ, ಆಟದ ವರಸೆಗಳನ್ನೇ ವರ್ಣಿಸುತ್ತದೆ.

ಇದೇ ಶಾಸನದಲ್ಲಿ ಕಾಲ ಲೆಕ್ಕ ಹಾಕುವುದನ್ನು ಕಲಿಯಬಹುದು. ವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ, ‘ವನಧಿ ನಭೋ ನಿಧಿ’ ಅಂತ ಬರೆದಿದೆ. ವನಧಿ ಅಂದರೆ ಸಮುದ್ರ, ಅವು ನಾಲ್ಕು. ನಭ ಅಂದರೆ ಆಕಾಶ, ಸೊನ್ನೆ. ನಿಧಿಗಳು ಒಂಬತ್ತು. 4, 0, 9. ಇದನ್ನು ಬಲದಿಂದ ಎಡಕ್ಕೆ ಓದಬೇಕು, ಆಗ ಶಕ ವರ್ಷ 904. ಅದಕ್ಕೆ 78 ಕೂಡಿಸಿದರೆ 982. ನೇರವಾಗಿ 409 ಅಂತ ಓದಿದವರು ಇಂದ್ರನನ್ನು ಐದು ಶತಮಾನ ಹಿಂದಕ್ಕೆ ತಳ್ಳಿರುತ್ತಾರೆ.

ಲೆಕ್ಕ ಸರಿಯಿದೆಯೇ ಅಂತ ತಾಳೆ ನೋಡಲು ಸಂವತ್ಸರದ ಹೆಸರಿದೆ. ಇಲ್ಲಿ ಇರುವುದು ಚಿತ್ರಭಾನು. ನಮ್ಮ ಕಾಲದ ಚಿತ್ರಭಾನು ಬಂದದ್ದು 2002ರ ಯುಗಾದಿಗೆ. 2002ರಿಂದ 60ರಂತೆ ಹಿಂದಕ್ಕೆ ಎಣಿಸುತ್ತಾ ಹೋದರೆ ಹದಿನೇಳನೇ ಸುತ್ತಿಗೆ 982 ಸಿಗುತ್ತದೆ. ಶಕ ವರ್ಷ ಮತ್ತು ಸಂವತ್ಸರ ಒಂದು ವರ್ಷದಷ್ಟು ಜಗಳವಾಡಿದರೆ ಸಾಮಾನ್ಯವಾಗಿ ಸಂವತ್ಸರವನ್ನು ನಂಬುವುದು ವಾಸಿ. ಬರೆದದ್ದು ಮುಗಿದ ವರ್ಷದ ಎಣಿಕೆಯೋ ನಡೆಯುತ್ತಿರುವ ವರ್ಷದ್ದೋ ಅನ್ನುವ ಗೊಂದಲ ಶಕ ಸಂಖ್ಯೆಯಲ್ಲಿ ಹೆಚ್ಚು. ಇನ್ನೊಂದು ಬಲೆ ತಿಂಗಳಿನದು. ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಮಲ್ಲಿಷೇಣ ಮಲಧಾರಿದೇವರ ನಿಸಿದಿ ಶಾಸನ ಇದೆ. ಶಕ 1050, ಕೀಲಕ ಸಂವತ್ಸರ, ಫಾಲ್ಗುಣ ಮಾಸ. 78 ಕೂಡಿಸಿ 1128 ಅಂದರೆ ತಪ್ಪು. ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆದ್ದರಿಂದ 79 ಕೂಡಿಸಿ 1129 ಅನ್ನಬೇಕು. ಮಾಘ, ಫಾಲ್ಗುಣ ಕಂಡರೆ ಎಚ್ಚರ, ಪುಷ್ಯಕ್ಕೆ ತಿಥಿ ನೋಡಿ ತೀರ್ಮಾನ.

ಆ ಮಲ್ಲಿಷೇಣ ಪ್ರಶಸ್ತಿ ಸಂಸ್ಕೃತದ್ದು, ಉದ್ದ, ಸಮಂತಭದ್ರ ಅಕಲಂಕರಿಂದ ಹಿಡಿದು ಗುರುಪರಂಪರೆಯೆಲ್ಲ ಬರುತ್ತದೆ. ಪೂರ್ತಿ ಓದಲಾಗದಿದ್ದರೆ ಕೊನೆಗೆ ಹೋಗಿ: ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ, ಅವನಿಗೆ ‘ಬಿರುದರೂವಾರಿ ಮುಖತಿಳಕ’ ಅನ್ನುವ ಬಿರುದು. ಸತ್ತವರ ಕಲ್ಲಿನ ಮೇಲೆ ಉಳಿ ಹಿಡಿದವನೂ ತನ್ನ ಹೆಸರು ಬಿಟ್ಟು ಹೋಗಿದ್ದಾನೆ.

ಇದೇ ಬಸದಿಯ ದಕ್ಷಿಣಕ್ಕೆ, ಬಂಡೆಯ ಮೇಲೆ ಸುಮಾರು 600ರ ಶಾಸನ ಇದೆ, ಬೆಟ್ಟದ ಬರಹಗಳಲ್ಲಿ ಎಲ್ಲಕ್ಕಿಂತ ಹಳೆಯದು. ಪ್ರಭಾಚಂದ್ರ ಎಂಬ ಆಚಾರ್ಯರು ಕಟವಪ್ರದಲ್ಲಿ ಸಮಾಧಿ ಹೊಂದಿದ್ದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದದ್ದು ಇದರ ವಿಷಯ. ಚಂದ್ರಗುಪ್ತ ಮೌರ್ಯ ಗುರು ಭದ್ರಬಾಹುವಿನ ಜೊತೆ ಬಂದು ಈ ಬೆಟ್ಟದಲ್ಲೇ ದೇಹ ಬಿಟ್ಟ ಅನ್ನುವ ಕಥೆಯನ್ನು ಇಲ್ಲಿ ನಿಂತು ಹೇಳುವವರು ಬಹಳ. ಈ ಶಾಸನದಲ್ಲಿ ಚಂದ್ರಗುಪ್ತ ಅನ್ನುವ ಹೆಸರಿಲ್ಲ. ಭದ್ರಬಾಹು, ಚಂದ್ರಗುಪ್ತ ಇಬ್ಬರು ಮುನಿಗಳ ಜೋಡಿ ಹೆಸರು ಬರುವುದು ಸುಮಾರು 650ರ ಇನ್ನೊಂದು ಬರಹದಲ್ಲಿ. ಕಥೆ ಬೇಡ ಅಂತಲ್ಲ. ಪಕ್ಕದ ಪುಟ್ಟ ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ (ತೂತುಗಳಿರುವ ಕಲ್ಲಿನ ಜಾಲರಿಯಲ್ಲಿ) ದಾಸೋಜ ಅದೇ ಕಥೆಯನ್ನು ಸಣ್ಣ ಸಣ್ಣ ಚಿತ್ರಗಳಲ್ಲಿ ಕೆತ್ತಿದ್ದಾನೆ, ನೋಡುವಂಥದ್ದು. ಕಲ್ಲು ಹೇಳುವುದು ಯಾವುದು, ಜನ ಹೇಳುವುದು ಯಾವುದು ಅನ್ನುವುದು ಬೇರೆ ಬೇರೆ ಗೊತ್ತಿರಲಿ ಅಂತ ಇಷ್ಟು ಹೇಳಿದ್ದು.

ಬಂಡೆಬರಹ ಓದಲು ನಾಲ್ಕೈದು ಮಾತು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಏಳು, ಎಂಟನೇ ಶತಮಾನದವು ತೀರಾ ಚುಟುಕು. ‘ಶ್ರೀ’ ಅಂತಲೋ ‘ಸ್ವಸ್ತಿ ಶ್ರೀ’ ಅಂತಲೋ ಶುರು, ಆಮೇಲೆ ಊರು, ಗುರುವಿನ ಹೆಸರು, ಸತ್ತವರ ಹೆಸರು, ಕೊನೆಗೆ ‘ನೋನ್ತು ಮುಡಿಪ್ಪಿದರ್’. ವ್ರತ ನೋಂತು ದೇಹ ಮುಗಿಸಿದರು ಅಂತ. ‘ಸನ್ಯಸನಂ ಗೆಯ್ದು’ ಅಂತ ಕಂಡರೂ ಅದೇ ವಿಷಯ. ‘ಗನ್ತಿಯರ್’ ಅಂದರೆ ಕಂತಿಯರು, ಜೈನ ಸನ್ಯಾಸಿನಿ. ಚಿತ್ತೂರ ಮೌನಿಗುರವಡಿಗಳ ಶಿಷ್ಯೆ ನಾಗಮತಿ ಗನ್ತಿಯರ್ ‘ಮೂಱು ತಿಙ್ಗಳ್ ನೋನ್ತು’ ಮುಡಿಪಿದ್ದು ಒಂದು ಸಾಲಿನ ಸಂಗತಿ. ಅಷ್ಟೇ. ಹೊಗಳಿಕೆ ಇಲ್ಲ, ಬಿರುದು ಇಲ್ಲ. ತಿಂಗಳು ಅನ್ನುವಲ್ಲಿ ಸೊನ್ನೆಯ ಬದಲು ‘ಙ್’, ನೋಂತು ಅನ್ನುವಲ್ಲಿ ‘ನ್’ ಇರುವುದನ್ನು ಗಮನಿಸಿ, ಮೂರರಲ್ಲಿ ಶಕಟರೇಫ ‘ಱ’ ಇರುವುದನ್ನೂ. ಹೊಯ್ಸಳರ ಕಾಲಕ್ಕೆ ಬಂದರೆ ಅಕ್ಷರ ಇವತ್ತಿನ ಕನ್ನಡಕ್ಕೆ ಹತ್ತಿರ, ಬೇಗ ಕೈಹಿಡಿಯುತ್ತದೆ. ಆದರೆ ರಕಾರದ ನಂತರ ಬರುವ ವ್ಯಂಜನ ಇಮ್ಮಡಿಯಾಗಿರುತ್ತದೆ, ‘ಧರ್ಮ್ಮ’, ‘ಕೀರ್ತ್ತಿ’ ಹೀಗೆ. ಆ ಕಾಲದ ದೊಡ್ಡ ಶಾಸನಗಳು ‘ಶ್ರೀಮತ್ಪರಮಗಂಭೀರ’ ಅನ್ನುವ ಶ್ಲೋಕದಿಂದ ಶುರುವಾಗುತ್ತವೆ. ಅದನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಮೊದಲ ಎರಡು ಸಾಲಿನಲ್ಲೇ ಆ ಕಾಲದ ವ್ಯಂಜನಗಳಲ್ಲಿ ಅರ್ಧದಷ್ಟು ಪರಿಚಯವಾಗುತ್ತದೆ.

ಚುಟುಕು ಬರಹಗಳ ನಡುವೆ ಒಂದು ಮಾತ್ರ ನಿಂತು ನಿಧಾನವಾಗಿ ಓದಬೇಕಾದದ್ದು. ನಂದಿಸೇನ ಮುನಿಯ ನಿಸಿದಿ. ‘ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್ ತೋಱಿ ಬೇಗಂ’ ಅಂತ ಶುರುವಾಗುವ, ಮಹಾಸ್ರಗ್ಧರೆ ಅನ್ನುವ ವೃತ್ತದ ಒಂದೇ ಒಂದು ಪದ್ಯ. ಕಾಮನಬಿಲ್ಲು, ಮಿಂಚಿನ ಬಳ್ಳಿ, ಮಂಜು, ಇವುಗಳಂತೆ ರೂಪ, ಸಿರಿ, ವೈಭವ ತೋರಿ ಬೇಗ ಅಳಿಯುತ್ತವೆ, ಈ ನೆಲದ ಮೇಲೆ ಇರಲು ನಾನು ಮೆಚ್ಚೆ ಅಂತ ಹೇಳಿ ನಂದಿಸೇನ ಹೊರಟುಹೋದ. ಹೋಲಿಕೆಯ ಮೂರು ವಸ್ತುಗಳ ಕ್ರಮ ನೋಡಿ: ಮಳೆಯ ಬಿಲ್ಲು ಕೆಲ ನಿಮಿಷ, ಮಿಂಚು ಕಣ್ಣು ಮಿಟುಕಿಸುವಷ್ಟು, ಮಂಜು ಬಿಸಿಲೇರುವವರೆಗೆ. ಮೂರೂ ಈ ಬೋಳು ಬೆಟ್ಟದ ಮೇಲೆ ಕೂತವನಿಗೆ ದಿನನಿತ್ಯ ಕಾಣುವಂಥವೇ. ಕನ್ನಡದಲ್ಲಿ ಕಾವ್ಯ ಯಾವಾಗ ಶುರುವಾಯಿತು ಅನ್ನುವ ಚರ್ಚೆಯಲ್ಲಿ ಈ ನಾಲ್ಕು ಪಾದಗಳ ಹೆಸರು ಬಂದೇ ಬರುತ್ತದೆ. ಜೋರಾಗಿ ಓದಿ, ಛಂದಸ್ಸು ಬಾಯಲ್ಲಿ ಸಿಗುತ್ತದೆ.

ಹೊಯ್ಸಳರ ಕಾಲದ ನಿಸಿದಿಗಳು ಬೇರೆಯದೇ ಲೋಕ. ಮಂಟಪ, ನಯವಾದ ಕಂಬ, ಮೇಲೆ ಕೆತ್ತನೆ. ಕೆತ್ತನೆಯಲ್ಲಿ ಮೇಲಿನ ಹಂತದಲ್ಲಿ ಮುಕ್ಕೊಡೆಯ ಕೆಳಗೆ ಜಿನ, ಅಕ್ಕಪಕ್ಕ ಚಾಮರ. ಕೆಳಗೆ ಗುರು ಶಿಷ್ಯರು ಎದುರುಬದುರು, ನಡುವೆ ಪುಸ್ತಕ ಇಡುವ ವ್ಯಾಸಪೀಠ. ಇದನ್ನು ವೀರಗಲ್ಲು ಅಂತ ಕರೆಯುವವರಿದ್ದಾರೆ. ವೀರಗಲ್ಲಿನಲ್ಲಿ ಕೆಳಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಕೈಲಾಸ. ಕೆಳಗಿನಿಂದ ಮೇಲಕ್ಕೆ ಓದಬೇಕು. ಬಳೆ ತೊಟ್ಟು ಮೇಲೆತ್ತಿದ ಕೈ ಕಂಡರೆ ಮಾಸ್ತಿಕಲ್ಲು. ನಿಸಿದಿಯಲ್ಲಿ ಕತ್ತಿಯೂ ಇಲ್ಲ, ಕುದುರೆಯೂ ಇಲ್ಲ, ಕೂತು ಕೇಳುವುದು ಮಾತ್ರ.

ಎರಡುಕಟ್ಟೆ ಬಸದಿ ಕಟ್ಟಿಸಿದವಳು ಲಕ್ಕಲೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಂಡತಿ. ಮೇಘಚಂದ್ರ ತ್ರೈವಿದ್ಯರು 1115ರಲ್ಲಿ ತೀರಿಕೊಂಡಾಗ ಅವರ ನಿಸಿದಿ ನಿಲ್ಲಿಸಿದವರು ಈ ಗಂಡ ಹೆಂಡತಿ. 1121ರಲ್ಲಿ ಲಕ್ಕಲೆಯೇ ಸಮಾಧಿ ವಿಧಿಯಲ್ಲಿ ದೇಹ ಬಿಟ್ಟಳು, ಅವಳ ಕಲ್ಲನ್ನು ನಿಲ್ಲಿಸಿದವನು ಗಂಗರಾಜ. ಅವನ ತಾಯಿ ಪೋಚಿಕಬ್ಬೆಯದೂ, ಲಕ್ಕಲೆಯ ತಂಗಿ ದೇಮತಿಯದೂ ಇದೇ ಬೆಟ್ಟದಲ್ಲಿವೆ. ಒಂದೇ ಮನೆಯವರ ಹೆಸರುಗಳನ್ನು ಹುಡುಕುತ್ತಾ ಹೋದರೆ ಅರ್ಧ ದಿನ ಕಳೆಯುತ್ತದೆ.

ಶಾಂತಲೆಯನ್ನು ಹುಡುಕಿಕೊಂಡು ಬರುವವರು ಇಲ್ಲಿ ನಿರಾಶರಾಗುತ್ತಾರೆ. ಸವತಿಗಂಧವಾರಣ ಬಸದಿ ಅವಳು ಕಟ್ಟಿಸಿದ್ದು ನಿಜ, 1123ರಲ್ಲಿ. ‘ಸವತಿಯರೆಂಬ ಆನೆಗಳಿಗೆ ಮದದಾನೆ’ ಅನ್ನುವ ಬಿರುದೂ ಅವಳದೇ. ಆದರೆ ಅವಳು ತೀರಿಕೊಂಡದ್ದು ಶಿವಗಂಗೆಯಲ್ಲಿ, 1131ರಲ್ಲಿ. ಬಸದಿಯ ಬಳಿಯ ಮಂಟಪದಲ್ಲಿರುವ ಶಾಸನ ಅವಳ ತಾಯಿ ಮಾಚಿಕಬ್ಬೆಯದು. ಮಗಳು ಹೋದ ಮೇಲೆ ಆಕೆ ಬೆಳಗೊಳಕ್ಕೆ ಬಂದು, ಅರೆಗಣ್ಣು ಮುಚ್ಚಿ, ಪಂಚಪದ (ಜೈನರ ನಮಸ್ಕಾರ ಮಂತ್ರ) ಜಪಿಸುತ್ತಾ ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಗಂಡ ಮಾರಸಿಂಗಯ್ಯ ಶೈವ, ಹೆಂಡತಿ ಜೈನಳು. ನಾಟಕ ಕಾದಂಬರಿಗಳಲ್ಲಿ ಶಾಂತಲೆಯ ಸಾವಿಗೆ ಸಿಗುವಷ್ಟು ಜಾಗದಲ್ಲಿ ನೂರಲ್ಲೊಂದು ಪಾಲೂ ಈ ತಾಯಿಗೆ ಸಿಕ್ಕಿಲ್ಲ.

ಪ್ರಾಕಾರದ ಹೊರಗೆ ಪೂರ್ವಕ್ಕೆ ಲಕ್ಕಿದೊಣೆ, ಬಂಡೆಯ ನಡುವಿನ ನೀರಿನ ಹೊಂಡ. ಅಲ್ಲಿನ ಬಂಡೆಯ ಮೇಲೆ ಮೂವತ್ತರಷ್ಟು ಬರಹ, ಹೆಚ್ಚಿನವು ಒಂಬತ್ತು ಹತ್ತನೇ ಶತಮಾನದವು. ಇವು ನಿಸಿದಿಗಳಲ್ಲ, ಬಂದು ಹೋದವರ ಹೆಸರುಗಳು, ಆಗಿನ ಹಾಜರಿ ಪುಸ್ತಕ ಅಂದುಕೊಳ್ಳಿ. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಅಂತ ಕೊರೆದಿರುವುದು ರನ್ನನದೇ ಕೈಬರಹ ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಇದನ್ನು ಕೇಳಿ ತಮ್ಮ ಹೆಸರನ್ನೂ ಗೀಚಲು ಹೊರಡುವವರಿಗೆ ಮೇಲೆ ಹೇಳಿದ ದಂಡದ ಮೊತ್ತ ನೆನಪಿರಲಿ.

ಇಷ್ಟೆಲ್ಲ ನಿಧಾನವಾಗಿ ನೋಡಲು ನಾಲ್ಕು ಗಂಟೆ ಬೇಕು. ದೊಡ್ಡಬೆಟ್ಟವನ್ನು ಸಂಜೆಗೋ ಮಾರನೇ ದಿನಕ್ಕೋ ಇಟ್ಟುಕೊಳ್ಳಿ. ಹಳೇಬೀಡಿಗೆ ಹೋಗುವವರು ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣಕ್ಕಿರುವ ಕುವರಲಕ್ಷ್ಮನ ಗರುಡಗಂಬವನ್ನು ಇದರ ಜೊತೆಗಿಟ್ಟು ನೋಡಬೇಕು. ವೀರಬಲ್ಲಾಳನ ದಂಡನಾಯಕ, ಅವನ ಹೆಂಡತಿ, ಜೋಳವಾಳಿಯ ಲೆಂಕರು (ಅನ್ನದ ಋಣಕ್ಕೆ ಪ್ರಾಣ ಕೊಡಲು ಮಾತುಕೊಟ್ಟ ಆಳುಗಳು) ಒಡೆಯನ ಸಾವಿನ ಹಿಂದೆಯೇ ಹೋದದ್ದನ್ನು ಆ ಕಂಬದ ಶಿಲ್ಪಗಳು ಕತ್ತಿ ಸಮೇತ ತೋರಿಸುತ್ತವೆ. ಒಂದೇ ಜಿಲ್ಲೆ, ನೂರು ವರ್ಷದ ಅಂತರ, ಸಾವಿನ ಬಗ್ಗೆ ಎಷ್ಟು ಬೇರೆ ಯೋಚನೆ.

ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಬೆಟ್ಟದ ಉತ್ತರದ ಜಿನನಾಥಪುರಕ್ಕೆ ನಡೆಯಿರಿ, ಬೆಳಗೊಳದಿಂದ ಸುಮಾರು ಒಂದು ಮೈಲಿ. ಎಲ್ಲರೂ ರೇಚಿಮಯ್ಯನ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪ ನೋಡಿ ತಿರುಗುತ್ತಾರೆ. ಊರಿನ ಪಶ್ಚಿಮಕ್ಕೆ ಶಿಲಾಕೂಟ ಎಲ್ಲಿ ಅಂತ ಕೇಳಿ. ಆಳೆತ್ತರಕ್ಕಿಂತ ಗಿಡ್ಡನೆಯ ಚೌಕ ಕಲ್ಲುಕಟ್ಟಡ, ಮೇಲೆ ಪುಟ್ಟ ಶಿಖರ. 1213ರ ಅದರ ಶಾಸನದಲ್ಲಿ ಬಾಲಚಂದ್ರದೇವರ ಹೆಸರಿದೆ, ದೇಹ ಸುಟ್ಟ ಜಾಗದಲ್ಲೇ ಬೈರೋಜ ಇದನ್ನು ಕಟ್ಟಿದ. ಬೆಟ್ಟದ ಮೇಲಿನ ನಿಸಿದಿಗಳೆಲ್ಲ ಹೆಸರಿಗೆ ಮಾಡಿದ ಗುರುತು, ಇದೊಂದು ಬೂದಿಯ ಮೇಲೆ ನಿಂತದ್ದು. ಬಾಗಿಲು ಹುಡುಕುತ್ತಾ ಸುತ್ತು ಹೊಡೆಯಬೇಡಿ. ನಾಲ್ಕೂ ಕಡೆ ಗೋಡೆ, ಕಿಂಡಿ ಕೂಡ ಬಿಟ್ಟಿಲ್ಲ.